ಆಯಿಯ ಒಂದೆಲಗದ ತಂಬುಳಿ

ಮಳೆ ಹಿಡಿಯಿತೆಂದರೆ ಕತಗಾಲದ ನಮ್ಮ ಮನೆಯಲ್ಲಿ ತಂಬುಳಿಯ ಸೊಪ್ಪಿಗೆ ಬರವಿರಲಿಲ್ಲ. ಅಡಿಕೆ ತೋಟದ ಕಾಲುವೆಯ ಬದಿಗೆ ಒಂದೆಲಗ ತಾನಾಗಿಯೇ ಹಬ್ಬುತ್ತಿತ್ತು. ಆಯಿ ಅದನ್ನು ಬೇರುಸಹಿತ ಕಿತ್ತು ತಂದು, ಮಣ್ಣು ಹೋಗುವಂತೆ ತೊಳೆದು, ಕಾಯಿತುರಿ, ಜೀರಿಗೆ, ನಾಲ್ಕು ಕಾಳುಮೆಣಸು ಸೇರಿಸಿ ಒರಳಲ್ಲಿ ರುಬ್ಬಿ ಮಜ್ಜಿಗೆ ಬೆರೆಸುತ್ತಿದ್ದಳು. "ಉಣ್ಣು ತಮಾ, ಮಗ್ಗಿ ಬಾಯಿಗೆ ಬರ್ತದೆ" ಎನ್ನುವಳು. ನಾನು ಹದಿಮೂರರ ಮಗ್ಗಿಯಲ್ಲಿ ಸದಾ ತಪ್ಪುತ್ತಿದ್ದೆ. ಅದಕ್ಕೇ ನನ್ನ ಬಟ್ಟಲಿಗೆ ಒಂದು ಸೌಟು ಹೆಚ್ಚು.

ಅಂಥ ಆಯಿ 82ನೇ ವಯಸ್ಸಿಗೆ ಮರೆಯತೊಡಗಿದಳು. ಒಲೆಯ ಮೇಲೆ ಹಾಲಿಟ್ಟು ಮರೆಯುವುದು ಎಲ್ಲರಿಗೂ ಇದ್ದದ್ದೇ. ಆದರೆ ಒಂದು ದಿನ ಸೊಪ್ಪು ತರಲು ಹೋದವಳು ಕಾಲುವೆಯ ಬದಿಯಲ್ಲಿ ಸುಮ್ಮನೆ ನಿಂತಿದ್ದಳು. ಒಂದೆಲಗ ಅವಳ ಕಾಲ ಬುಡದಲ್ಲೇ ಇತ್ತು. "ನಾನು ಎಂತಕ್ಕೆ ಬಂದದ್ದು ತಮಾ?" ಎಂದು ನನ್ನನ್ನೇ ಕೇಳಿದಳು. ನನಗೆ ಗಂಟಲು ಕಟ್ಟಿತು.

ಆ ರಾತ್ರಿ ಬೆಂಗಳೂರಿನಿಂದ ಮೊಮ್ಮಗ ಫೋನು ಮಾಡಿದ. ಏಳನೇ ತರಗತಿ, ಚುರುಕು ಹುಡುಗ. "ಅಜ್ಜ, ಮಿದುಳಿನಲ್ಲಿ ಉರಿಯೂತ ಆದರೆ ಮರೆವು ಬರ್ತದಂತೆ. ಅರಿಶಿನದಲ್ಲಿರೋ ಕರ್ಕ್ಯುಮಿನ್ ಅದನ್ನ ಕಡಿಮೆ ಮಾಡ್ತದಂತೆ" ಎಂದ. ನನಗೆ ಅಷ್ಟೇ ಸಾಕಾಯಿತು. ಅರಿಶಿನದ ಸಾರ ತುಂಬಿದ ಮಾತ್ರೆಯ ಡಬ್ಬಿ ತರಿಸಿ ಆಯಿಗೆ ದಿನಕ್ಕೆ ಎರಡರಂತೆ ಕೊಟ್ಟೆ. ಡಾಕ್ಟರಿಗೆ ಹೇಳಲಿಲ್ಲ. ಗಿಡದ್ದು ತಾನೇ, ಏನಾದೀತು ಎಂಬ ಧೈರ್ಯ. ಚಂಡಿಕಾ ಹೊಳೆ ಉಕ್ಕಿ ರಸ್ತೆಗೆ ನೀರು ಬರುವ ದಿನಗಳು ಬೇರೆ. ಆಸ್ಪತ್ರೆಗೆ ಹೋಗದಿರಲು ಅದೂ ಒಂದು ನೆಪವಾಯಿತು.

ತಿಂಗಳೊಪ್ಪತ್ತಿನಲ್ಲಿ ಆಯಿಯ ಕೈಮೇಲೆ ಅಲ್ಲಲ್ಲಿ ನೀಲಿ ಕಲೆಗಳು ಕಂಡವು. ಗಾಬರಿಯಿಂದ ಕುಮಟಾಕ್ಕೆ ಕರೆದೊಯ್ದೆ. ಡಾಕ್ಟರು ಅವಳು ನುಂಗುವ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಇಡಿಸಿದರು. ಹೃದಯದ ತೊಂದರೆಗೆಂದು ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಯ ಪಕ್ಕದಲ್ಲಿ ನನ್ನ ಡಬ್ಬಿ. "ಇವೆರಡೂ ಸೇರಿದರೆ ರಕ್ತಸ್ರಾವ ಹೆಚ್ಚಾಗುವ ಅಪಾಯವಿದೆ. ಸಾರಿಗೆ ಹಾಕುವ ಅರಿಶಿನ ಇರಲಿ, ಇದನ್ನು ಇಂದೇ ನಿಲ್ಲಿಸಿ" ಎಂದರು. ಜೊತೆಗೆ ರಕ್ತಪರೀಕ್ಷೆ ಬರೆದುಕೊಟ್ಟರು.

ಪರೀಕ್ಷೆಯಲ್ಲಿ ಸಿಕ್ಕಿದ್ದು ನಾನು ಎಣಿಸದೇ ಇದ್ದದ್ದು. ಆಯಿಗೆ ಬಿ12 ಜೀವಸತ್ವ ತೀರಾ ಕಡಿಮೆಯಿತ್ತು. ಅದರ ಕೊರತೆಯಿಂದಲೂ ಮರೆವು, ಕಾಲು ಜೋಮು, ಆಯಾಸ ಬರುತ್ತವೆ. ಈ ಜೀವಸತ್ವವನ್ನು ಗಿಡಮರಗಳು ತಯಾರಿಸುವುದಿಲ್ಲ. ಅದು ಬರುವುದು ಹಾಲು, ಮೊಟ್ಟೆ, ಮೀನು, ಮಾಂಸದಿಂದ. ವಯಸ್ಸಾದಂತೆ ದೇಹ ಅದನ್ನು ಹೀರಿಕೊಳ್ಳುವುದೂ ಕಡಿಮೆಯಾಗುತ್ತದೆ. ನಾನು ಗಿಡದಲ್ಲಿ ಮದ್ದು ಹುಡುಕುತ್ತಿದ್ದೆ. ಅವಳಿಗೆ ಬೇಕಾಗಿದ್ದದ್ದು ಯಾವ ಗಿಡದಲ್ಲೂ ಇಲ್ಲದ ವಸ್ತು!

ಇಂಜೆಕ್ಷನ್ ಶುರುವಾದ ಮೇಲೆ ಆಯಿ ಚೇತರಿಸಿಕೊಂಡಳು. ಕಾಲಿನ ಜೋಮು ಇಳಿಯಿತು, ಮಾತು ಹೆಚ್ಚಾಯಿತು. ಮರೆವು ಪೂರ್ತಿ ಹೋಗಲಿಲ್ಲ. ಅದು ವಯಸ್ಸಿನ ಮರೆವು, ಇನ್ನು ಜೊತೆಗೇ ಇರುತ್ತದೆ ಎಂದರು ಡಾಕ್ಟರು.

ಬೇಸಿಗೆ ರಜೆಗೆ ಬಂದ ಮೊಮ್ಮಗ ಸಪ್ಪಗೆ ಕೇಳಿದ, "ಹಾಗಾದ್ರೆ ಅಜ್ಜ, ನಾನು ಓದಿದ್ದು ಸುಳ್ಳಾ?"

ಸುಳ್ಳಲ್ಲ, ಅರ್ಧ ದಾರಿಯ ಸತ್ಯ. ಅಷ್ಟರಲ್ಲಿ ನಾನೂ ಒಂದಿಷ್ಟು ಓದಿಕೊಂಡಿದ್ದೆ. ನಮ್ಮ ಮಿದುಳಿಗೆ ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳಿವೆ. 1919ರಲ್ಲಿ ಅವನ್ನು ಗುರುತಿಸಿದವರು ಸ್ಪೇನಿನ ವಿಜ್ಞಾನಿ ಪೀಯೊ ಡೆಲ್ ರಿಯೊ ಓರ್ಟೆಗಾ. ತೋಟಕ್ಕೆ ಮಂಗ ಬಂದಾಗ ಕಾವಲಿನವನು ಪಟಾಕಿ ಹೊಡೆದರೆ ಒಳ್ಳೆಯದೇ. ಮಂಗ ಹೋದ ಮೇಲೂ ಹಗಲಿರುಳು ಹೊಡೆಯುತ್ತಲೇ ಇದ್ದರೆ ತೋಟಕ್ಕೇ ಬೆಂಕಿ ಬಿದ್ದೀತು. ನಿಲ್ಲದ ಉರಿಯೂತ ಹಾಗೆ. ಪ್ರಯೋಗಶಾಲೆಯ ಕೋಶಗಳಲ್ಲಿ, ಇಲಿಗಳಲ್ಲಿ ಕರ್ಕ್ಯುಮಿನ್ ಈ ಕಾವಲಿನವನನ್ನು ಸಮಾಧಾನ ಮಾಡುವುದು ಕಂಡಿದೆ. ಒಂದೆಲಗದ ಏಷಿಯಾಟಿಕೋಸೈಡ್‌ನಂಥ ಅಂಶಗಳೂ ಹಾಗೆಯೇ.

ಆದರೆ ಬಟ್ಟಲಿನಿಂದ ಮಿದುಳಿಗೆ ದಾರಿ ದೂರ. ಕರ್ಕ್ಯುಮಿನ್ ಕರುಳಿನಲ್ಲಿ ಸರಿಯಾಗಿ ಹೀರಲ್ಪಡುವುದಿಲ್ಲ. ಹೀರಿದ್ದನ್ನೂ ಯಕೃತ್ತು ಬೇಗನೆ ಬದಲಿಸಿ ಹೊರಹಾಕುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಇದಕ್ಕೆ ಸಂಬಂಧಿಸಿದ ಪ್ರಯೋಗವೊಂದನ್ನು ಪ್ರಕಟಿಸಿದರು. 2 ಗ್ರಾಂ ಕರ್ಕ್ಯುಮಿನ್ ಜೊತೆ ಕಾಳುಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ, ಮನುಷ್ಯರ ರಕ್ತಕ್ಕೆ ಸೇರುವ ಕರ್ಕ್ಯುಮಿನ್ ಪ್ರಮಾಣ ಶೇಕಡಾ 2000ದಷ್ಟು ಹೆಚ್ಚಿತು. ಇದನ್ನು ಕೇಳಿ ಮೊಮ್ಮಗ, "ಸಾರಿಗೆ ಅರಿಶಿನ, ಮೆಣಸು ಎರಡೂ ಹಾಕ್ತಾರಲ್ಲ!" ಎಂದು ಕುಣಿದ. ಕುಣಿಯಲಿ. ಆದರೆ ರಕ್ತಕ್ಕೆ ಸೇರಿದ್ದೆಲ್ಲ ಮಿದುಳಿಗೆ ಹೋಗದು, ನಡುವೆ ಬಿಗಿಯಾದ ತಡೆಗೋಡೆಯಿದೆ. ಅರಿಶಿನದ ತೂಕದಲ್ಲಿ ಕರ್ಕ್ಯುಮಿನ್ ಸುಮಾರು ಶೇಕಡಾ 3 ಮಾತ್ರ, ಸಾರಿಗೆ ಹಾಕುವುದು ಚಿಟಿಕೆ. ಅಮೆರಿಕದಲ್ಲಿ ಆಲ್ಝೈಮರ್ ಇದ್ದ 36 ಮಂದಿಯೊಂದಿಗೆ 24 ವಾರ ನಡೆಸಿ 2012ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಕರ್ಕ್ಯುಮಿನ್‌ನಿಂದ ಮರೆವು ಕಡಿಮೆಯಾಗಲಿಲ್ಲ.

ಹಾಗಾದರೆ ಮುದುಕರಿಗೆ ಏನೂ ದಾರಿಯಿಲ್ಲವೇ? ಇದೆ. ಫಿನ್‌ಲೆಂಡಿನಲ್ಲಿ 60ರಿಂದ 77 ವರ್ಷದ 1260 ಮಂದಿಯ ಮೇಲೆ ಎರಡು ವರ್ಷ ನಡೆದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಸೊಪ್ಪು, ತರಕಾರಿ, ಹಣ್ಣು, ಮೀನು ಇರುವ ಊಟ, ವ್ಯಾಯಾಮ, ಬುದ್ಧಿಗೆ ಕೆಲಸ, ರಕ್ತದೊತ್ತಡದಂಥವುಗಳ ಮೇಲೆ ನಿಗಾ – ಇಷ್ಟನ್ನೂ ಒಟ್ಟಿಗೆ ಪಾಲಿಸಿದವರ ಯೋಚನಾಶಕ್ತಿ ಚೆನ್ನಾಗಿ ಉಳಿದಿತ್ತು. ಒಂದೇ ಎಲೆಯಿಂದ, ಒಂದೇ ಮಾತ್ರೆಯಿಂದ ಆದದ್ದಲ್ಲ.

ಹಾಗೆಂದು ಎಲ್ಲದಕ್ಕೂ ಊಟವನ್ನೇ ನಂಬಿ ಕೂರಬಾರದು. ಜ್ವರ, ವಿಪರೀತ ತಲೆನೋವು, ತಬ್ಬಿಬ್ಬು ಒಟ್ಟಿಗೆ ಬಂದರೆ ಅದು ಸೋಂಕಿನ ಮಿದುಳುಜ್ವರವೂ ಇರಬಹುದು. ಆಗ ತಡಮಾಡದೆ ಆಸ್ಪತ್ರೆಗೇ ಹೋಗಬೇಕು.

ಈಗ ನಮ್ಮಲ್ಲಿ ಡಬ್ಬಿಯಿಲ್ಲ, ತಂಬುಳಿ ಇದೆ. ಮೊನ್ನೆ ಮೊಮ್ಮಗ ತೋಟದಿಂದ ಬುಟ್ಟಿ ತುಂಬ ಸೊಪ್ಪು ತಂದ. ಆಯಿ ಜಗಲಿಯಲ್ಲಿ ಕುಳಿತು ಆರಿಸತೊಡಗಿದಳು. ನಡುವೆ ಸೇರಿಕೊಂಡಿದ್ದ ಬೇರೆ ಗಿಡಗಳನ್ನು ಒಂದೊಂದಾಗಿ ತೆಗೆದು ಬದಿಗಿಟ್ಟು, "ಇದೆಲ್ಲ ಒಂದೆಲಗ ಅಲ್ಲ ಮಗಾ" ಎಂದಳು. ಆಮೇಲೆ ಅವನ ಮುಖ ನೋಡಿ, "ನೀನು ಯಾರ ಮನೆಯವನು?" ಎಂದು ಕೇಳಿದಳು.

"ನಿಮ್ಮ ಮನೆಯವನೇ, ದೊಡ್ಡಜ್ಜಿ" ಎಂದು ಅವನು ಹತ್ತಿರ ಸರಿದು ಕುಳಿತ. ಇಬ್ಬರೂ ಸೇರಿ ಉಳಿದ ಸೊಪ್ಪು ಆರಿಸಿದರು.