ಹದಿನೈದು ಮಂದಿಯ ಯಜಮಾನಿಕೆ

ಆಟ ಆಡುವವರಿಗಿಂತ ಆಟ ನೋಡುವವರಿಗೇ ಆಟ ಚೆನ್ನಾಗಿ ತಿಳಿದಿರುತ್ತದೆ. ಫುಟ್‌ಬಾಲ್ ಮೈದಾನದ ಅಂಚಿನಲ್ಲಿ ಕಡಲೆಕಾಯಿ ಸುಲಿಯುತ್ತ ನಿಂತವನಿಗೆ ಚೆಂಡನ್ನು ಯಾರಿಗೆ ದಾಟಿಸಬೇಕಾಗಿತ್ತು, ಯಾವ ಹೊತ್ತಿನಲ್ಲಿ ಯಾರನ್ನು ಹೊರಕ್ಕೆ ಕರೆಸಬೇಕಾಗಿತ್ತು ಎಂಬುದೆಲ್ಲ ಅಂಗೈ ನೆಲ್ಲಿಕಾಯಿ. ತಿಳಿಯದಿರುವುದು, ಪಾಪ, ಸಂಬಳ ತೆಗೆದುಕೊಂಡು ತಂಡ ನಡೆಸುವ ಮ್ಯಾನೇಜರನಿಗೆ ಮಾತ್ರ. ಪ್ರೇಕ್ಷಕರ ಈ ಅಪಾರವಾದ ಜ್ಞಾನ ಬಹುಕಾಲ ಗಾಳಿಯಲ್ಲಿ ಕರಗಿಹೋಗುತ್ತಿತ್ತು. ಅದಕ್ಕೊಂದು ಸಿಂಹಾಸನ ಕಟ್ಟಿಕೊಟ್ಟವರಲ್ಲಿ ಇಂಗ್ಲೆಂಡಿನವರು ಮುಖ್ಯರು.

1982ರಲ್ಲಿ ಕೆವಿನ್ ಟಾಮ್ಸ್ ಎಂಬಾತ ‘ಫುಟ್‌ಬಾಲ್ ಮ್ಯಾನೇಜರ್’ ಎಂಬ ಕಂಪ್ಯೂಟರ್ ಆಟವೊಂದನ್ನು ಹೊರತಂದ. ಇದನ್ನು ಆಡುವವನು ಚೆಂಡನ್ನು ಒದೆಯುವುದಿಲ್ಲ. ಒದೆಯುವವರನ್ನು ಕೊಳ್ಳುತ್ತಾನೆ, ಮಾರುತ್ತಾನೆ, ಕಣಕ್ಕಿಳಿಸುತ್ತಾನೆ. ಹತ್ತು ವರ್ಷದ ಮೇಲೆ, 1992ರಲ್ಲಿ, ಪಾಲ್ ಮತ್ತು ಆಲಿವರ್ ಕಾಲಿಯರ್ ಎಂಬ ಅಣ್ಣತಮ್ಮಂದಿರು ‘ಚಾಂಪಿಯನ್‌ಷಿಪ್ ಮ್ಯಾನೇಜರ್’ ಅನ್ನು ತಂದರು. ಅವರು ಕಟ್ಟಿದ ಸಂಸ್ಥೆಯ ಆಟವೇ 2004ರಿಂದ ಈಚೆಗೆ ‘ಫುಟ್‌ಬಾಲ್ ಮ್ಯಾನೇಜರ್’ ಎಂದು ಹೆಸರಾಗಿದೆ. ಇದಲ್ಲದೆ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ 2002ರಲ್ಲಿ ತಾನೇ ಒಂದು ಆಟವನ್ನು ಆರಂಭಿಸಿತು. ಅದೇ ‘ಫ್ಯಾಂಟಸಿ ಪ್ರೀಮಿಯರ್ ಲೀಗ್’. ಮೊದಲಿನ ಬಗೆಯಲ್ಲಿ ಪಂದ್ಯವೂ ಯಂತ್ರದೊಳಗೇ ನಡೆದುಹೋಗುತ್ತದೆ. ಎರಡನೆಯದರಲ್ಲಿ ಪಂದ್ಯ ನಿಜವಾದದ್ದು, ತಂಡ ಮಾತ್ರ ನಮ್ಮ ಕಲ್ಪನೆಯದು.

ನಾನು ಸೇರಿಕೊಂಡದ್ದು ಈ ಎರಡನೆಯದಕ್ಕೆ. ಒಂದು ಕಾಲದಲ್ಲಿ ಒಂದೇ ಕಚೇರಿಯಲ್ಲಿ ಕುಳಿತು, ಈಗ ಊರಿಗೊಬ್ಬರಾಗಿ ಚದುರಿರುವ ಎಂಟು ಮಂದಿ ಗೆಳೆಯರು ನಾವು. ಹಣದ ಪಣವಿಲ್ಲ; ವರ್ಷದ ಕೊನೆಗೆ ಎಲ್ಲರಿಗಿಂತ ಹಿಂದುಳಿದವನು ಗೆದ್ದವನಿಗೆ ಮಸಾಲೆ ದೋಸೆ ಕೊಡಿಸಬೇಕೆಂಬ ಒಪ್ಪಂದವುಂಟು, ಅದೂ ಅನೇಕ ವರ್ಷದ ಬಾಕಿ. ಆಗಸ್ಟಿನಲ್ಲಿ ಪ್ರತಿಯೊಬ್ಬನ ಕೈಗೂ 10 ಕೋಟಿ ಪೌಂಡು ಬರುತ್ತದೆ. ದುಡ್ಡು ಸುಳ್ಳು, ಜಿಪುಣತನ ನಿಜ. ಅಷ್ಟರಲ್ಲಿ 15 ಮಂದಿಯನ್ನು ಕೊಳ್ಳಬೇಕು: ಗೋಲು ಕಾಯುವವರು 2, ರಕ್ಷಕರು 5, ಮಧ್ಯದವರು 5, ಮುಂಚೂಣಿಯವರು 3. ಒಂದೇ ಕ್ಲಬ್ಬಿನಿಂದ ಮೂವರಿಗಿಂತ ಹೆಚ್ಚು ಕೂಡದು. ಶನಿವಾರ ಅವರು ನಿಜವಾಗಿ ಆಡಿದ್ದಕ್ಕೆ ನಮಗೆ ಅಂಕ: ಮುಂಚೂಣಿಯವನು ಗೋಲು ಹೊಡೆದರೆ 4, ಮಧ್ಯದವನು ಹೊಡೆದರೆ 5, ರಕ್ಷಕನಾದರೆ 6. ಕೆಂಪು ಕಾರ್ಡಿಗೆ 3 ಕಡಿತ. ನಾಯಕನೆಂದು ಹೆಸರಿಸಿದವನ ಅಂಕ ಇಮ್ಮಡಿ.

ಇದರಿಂದ ಮನುಷ್ಯನ ಹೃದಯಕ್ಕೆ ಒದಗುವ ಇಬ್ಬಂದಿಯನ್ನು ಏನೆಂದು ಹೇಳಲಿ! ನಮ್ಮಲ್ಲೊಬ್ಬ ಹುಟ್ಟಾ ಆರ್ಸೆನಲ್ ಭಕ್ತ. ಆರ್ಸೆನಲ್‌ಗೆ ಟಾಟನ್‌ಹ್ಯಾಮ್ ನೆರೆಮನೆಯ ದಾಯಾದಿ. ಟಾಟನ್‌ಹ್ಯಾಮಿನ ಹ್ಯಾರಿ ಕೇನ್ 2023ರಲ್ಲಿ ಜರ್ಮನಿಗೆ ಹೋಗುವ ತನಕ ಈ ಭಕ್ತನ ಕಲ್ಪನೆಯ ತಂಡಕ್ಕೆ ಅವನೇ ನಾಯಕನಾಗಿರುತ್ತಿದ್ದ. ಎರಡು ತಂಡಗಳೂ ಎದುರುಬದುರಾದ ದಿನ ಆತ ದೇವರಲ್ಲಿ ಬೇಡುತ್ತಿದ್ದದ್ದು ಇಷ್ಟೆ: ಆರ್ಸೆನಲ್ 3-2ರಿಂದ ಗೆಲ್ಲಲಿ, ಆ ಎರಡೂ ಗೋಲು ಕೇನನದೇ ಆಗಲಿ. ಇಷ್ಟು ನಯವಾದ ಪ್ರಾರ್ಥನೆಯನ್ನು ಯಾವ ದೇವರು ತಾನೆ ನಡೆಸಿಕೊಟ್ಟಾನು?

ಉಪಕಾರವೂ ಇಲ್ಲದಿಲ್ಲ. ದೊಡ್ಡ ಹೆಸರುಗಳನ್ನೇ ಕೊಂಡರೆ ಖಜಾನೆ ಬರಿದಾಗುತ್ತದೆ. ಆದಕಾರಣ ಬರ್ನ್‌ಲಿ, ಬೋರ್ನ್‌ಮತ್‌ಗಳಲ್ಲಿ ತನ್ನ ಪಾಡಿಗೆ ದುಡಿಯುತ್ತಿರುವ 40 ಲಕ್ಷದ ರಕ್ಷಕನನ್ನು ಹುಡುಕಬೇಕಾಗುತ್ತದೆ. ಯಾರ ಕಣ್ಣಿಗೂ ಬೀಳದೆ ವರ್ಷವಿಡೀ ಚೆಂಡನ್ನು ತಡೆಯುವ ಅಂಥವನ ಹೆಸರು, ದೇಶ, ವಯಸ್ಸು ನಮಗೆ ಕಂಠಪಾಠವಾಗಿದ್ದರೆ ಅದು ಈ ಆಟದ ಪುಣ್ಯ.

ಆದರೆ ನನ್ನನ್ನು ಕೆಲಕಾಲದಿಂದ ಕಾಡುತ್ತಿರುವುದು ಬೇರೆ ಸಂಗತಿ. ಎಷ್ಟು ಮಂದಿ ಕೊಂಡರು, ಎಷ್ಟು ಮಂದಿ ಮಾರಿದರು ಎಂಬುದನ್ನು ನೋಡಿಕೊಂಡು ಆಟಗಾರನ ಬೆಲೆ ರಾತ್ರೋರಾತ್ರಿ ಒಂದು ಲಕ್ಷ ಪೌಂಡು ಏರುತ್ತದೆ, ಇಳಿಯುತ್ತದೆ. ಅವನಿಗೆ ಪೆಟ್ಟಾದರೆ ಹೆಸರಿನ ಪಕ್ಕದಲ್ಲಿ ಹಳದಿಯ ಗುರುತು ಕಾಣಿಸಿಕೊಂಡು, ಮುಂದಿನ ಪಂದ್ಯಕ್ಕೆ ಶೇಕಡಾ 75, 50, ಇಲ್ಲವೆ 25ರಷ್ಟು ಸಂಭವ ಎಂದು ಬರೆಯುತ್ತದೆ. ಒಬ್ಬ ತರುಣನ ಮಂಡಿಯ ನೋವು ಅಲ್ಲಿಗೆ ಕಾಲು, ಅರೆ, ಮುಕ್ಕಾಲು ಎಂಬ ಲೆಕ್ಕಕ್ಕೆ ಬಂದು ನಿಂತಿತು. ಒಂದು ಶನಿವಾರ ರಕ್ಷಕನೊಬ್ಬ ಕಾಲು ಹಿಡಿದುಕೊಂಡು ನೆಲದಲ್ಲಿ ಹೊರಳುತ್ತಿದ್ದಾಗ ನಮ್ಮ ಗುಂಪಿನಲ್ಲಿ ಮೊದಲು ಬಂದ ಮಾತು “ಹೋಯಿತು ನನ್ನ ಆರು ಅಂಕ” ಎಂಬುದು. ದನಗಳ ಜಾತ್ರೆಯಲ್ಲಿ ಹಲ್ಲು ಎಣಿಸಿ, ಸುಳಿ ನೋಡಿ ಎತ್ತು ಕೊಳ್ಳುವ ರೈತನೂ ಕೊಂಡ ಮೇಲೆ ಅದರ ಬೆನ್ನು ಸವರುತ್ತಾನೆ!

ಯಂತ್ರದೊಳಗಿನ ‘ಫುಟ್‌ಬಾಲ್ ಮ್ಯಾನೇಜರ್’ ಇನ್ನೂ ಒಂದು ಹೆಜ್ಜೆ ಮುಂದಿದೆ. ಅಲ್ಲಿ ಆಟಗಾರನ ಓಟ, ಗುರಿಗಳಿಗೆ ಮಾತ್ರವಲ್ಲದೆ ಅವನ ಧೈರ್ಯಕ್ಕೂ ದೃಢಸಂಕಲ್ಪಕ್ಕೂ 1ರಿಂದ 20ರವರೆಗೆ ಅಂಕವುಂಟು. ಹಳೆಯ ‘ಚಾಂಪಿಯನ್‌ಷಿಪ್ ಮ್ಯಾನೇಜರ್’ನ 2001-02ರ ಆವೃತ್ತಿಯಲ್ಲಿ ಚೆರ್ನೊ ಸಾಂಬಾ ಎಂಬ ಹುಡುಗನಿದ್ದ, ಗ್ಯಾಂಬಿಯಾದಲ್ಲಿ ಹುಟ್ಟಿ ಲಂಡನ್ನಿನ ಮಿಲ್‌ವಾಲ್ ಕ್ಲಬ್ಬಿನಲ್ಲಿ ಬೆಳೆಯುತ್ತಿದ್ದವನು. ಅವನನ್ನು ಕೊಂಡವರಿಗೆಲ್ಲ ಅವನು ಲೋಕೋತ್ತರ ವೀರನಾಗಿ ಬೆಳೆದು ಗೋಲಿನ ಮಳೆ ಸುರಿಸಿದ. ಹೊರಗಿನ ಸಾಂಬಾ ಸ್ಪೇನಿನ ಕಾಡಿಸ್, ಇಂಗ್ಲೆಂಡಿನ ಪ್ಲಿಮತ್ ಎಂದು ಊರೂರು ಸುತ್ತಿ, ಗ್ಯಾಂಬಿಯಾದ ಪರವಾಗಿ ಕೆಲವು ಪಂದ್ಯಗಳನ್ನಾಡಿ ನಿವೃತ್ತನಾದ. ಎಲ್ಲರ ಬದುಕಿನಂತೆ ಏಳುಬೀಳಿನ ಬದುಕು. ಆದರೆ ಅವನ ಹೆಸರು ಹೊತ್ತ ಇನ್ನೊಬ್ಬ, ಎಂದೂ ಮುಪ್ಪಾಗದವನು, ಸಾವಿರಾರು ಮನೆಗಳಲ್ಲಿ ಬಟ್ಟಲಿನ ಮೇಲೆ ಬಟ್ಟಲು ಗೆಲ್ಲುತ್ತಿದ್ದ. ತನ್ನ ನೆರಳೇ ತನಗಿಂತ ಎತ್ತರವಾಗಿರುವುದನ್ನು ನೋಡುತ್ತ ಬಾಳುವುದು ಸುಲಭವಲ್ಲ.

2019ರ ಡಿಸೆಂಬರಿನಲ್ಲಿ ಆಗಿನ ವಿಶ್ವ ಚೆಸ್ ಚಾಂಪಿಯನ್ ಮ್ಯಾಗ್ನಸ್ ಕಾರ್ಲ್‌ಸನ್ ಈ ಫ್ಯಾಂಟಸಿ ಆಟದ 70 ಲಕ್ಷಕ್ಕೂ ಮಿಕ್ಕ ಮಂದಿಯಲ್ಲಿ ಮೊದಲನೆಯವನಾಗಿ ನಿಂತಾಗ ನಾವು ಹಿಗ್ಗಿದೆವು. ನಾವು ಆಡುತ್ತಿರುವುದೂ ಚದುರಂಗವೇ ಎಂಬ ಗೌರವ ಬಂದಂತಾಯಿತು. ಒಂದೇ ವ್ಯತ್ಯಾಸ: ಚದುರಂಗದ ಕುದುರೆಗೆ ಮಂಡಿ ನೋಯುವುದಿಲ್ಲ.

2021ರ ಜೂನ್ 12ರ ರಾತ್ರಿ ಅದು ನೆನಪಿಗೆ ಬಂತು. ಕೋವಿಡ್ ಕಾಲ, ಎಂಟು ಮಂದಿಯೂ ಅವರವರ ಮನೆಯಲ್ಲಿ. ಕೋಪನ್‌ಹೇಗನ್ನಿನಲ್ಲಿ ಡೆನ್ಮಾರ್ಕ್ ಮತ್ತು ಫಿನ್‌ಲೆಂಡ್ ಪಂದ್ಯ. ಮೊದಲರ್ಧ ಮುಗಿಯುವ ಹೊತ್ತಿಗೆ ಕ್ರಿಸ್ಟಿಯನ್ ಎರಿಕ್ಸನ್, ಯಾರೂ ತಾಕದೆ, ಹಾಗೆಯೇ ಕುಸಿದುಬಿದ್ದ. ಹೃದಯ ನಿಂತಿತ್ತು. ಜೊತೆಯವರು ಸುತ್ತ ನಿಂತು ಮರೆಮಾಡಿದರು. ಒಳಗೆ ವೈದ್ಯರು ಅವನ ಎದೆಯನ್ನು ಒತ್ತುತ್ತಿದ್ದರು. 2013ರಿಂದ 2020ರವರೆಗೆ ಟಾಟನ್‌ಹ್ಯಾಮಿನಲ್ಲಿದ್ದವನು ಆತ. ನಮ್ಮೆಂಟೂ ಮಂದಿಯ ತಂಡದಲ್ಲಿ ಒಂದಲ್ಲ ಒಂದು ವರ್ಷ ಇದ್ದವನು. ನಮ್ಮ ಗುಂಪಿನಲ್ಲಿ ಆ ರಾತ್ರಿ ಅಂಕದ ಮಾತಿಲ್ಲ. “ಏನಾದರೂ ಗೊತ್ತಾಯಿತೇ?” ಎಂಬ ಒಂದೇ ಪ್ರಶ್ನೆ, ಒಬ್ಬರಾದ ಮೇಲೆ ಒಬ್ಬರದು. ಅವನಿಗೆ ಪ್ರಜ್ಞೆ ಬಂದಿದೆಯೆಂಬ ಸುದ್ದಿ ಕೇಳಿದ ಮೇಲೇ ನಾವು ಮಲಗಿದ್ದು. ಲೆಕ್ಕಕ್ಕೆಂದು ಬಾಯಿಪಾಠ ಮಾಡಿದ ಹೆಸರು ನಮಗರಿಯದಂತೆ ಪರಿಚಿತನೊಬ್ಬನ ಹೆಸರಾಗಿಬಿಟ್ಟಿತ್ತು.

ಎರಿಕ್ಸನ್ನನ ಎದೆಯಲ್ಲಿ ಪುಟ್ಟ ಯಂತ್ರವೊಂದನ್ನು ಇಟ್ಟರು. ಅಂಥ ಯಂತ್ರದೊಡನೆ ಇಟಲಿಯ ಲೀಗಿನಲ್ಲಿ ಆಡಲು ಅಪ್ಪಣೆ ಇಲ್ಲದ್ದರಿಂದ ಅಲ್ಲಿನ ಕ್ಲಬ್ಬನ್ನು ಬಿಟ್ಟು 2022ರಲ್ಲಿ ಲಂಡನ್ನಿನ ಬ್ರೆಂಟ್‌ಫರ್ಡ್ ಸೇರಿದ. ನಮ್ಮ ಪಟ್ಟಿಯಲ್ಲಿ ಅವನ ಹೆಸರು, ಎದುರಿಗೊಂದು ಬೆಲೆಯೊಡನೆ, ಮತ್ತೆ ಕಾಣಿಸಿಕೊಂಡಿತು. ನಮ್ಮ ಗುಂಪಿನಲ್ಲಿ ಲೆಕ್ಕಪರಿಶೋಧಕನೊಬ್ಬನಿದ್ದಾನೆ. ಆಗ ರಕ್ಷಕನ ಆರು ಅಂಕಕ್ಕೆ ಗೋಳಾಡಿದವನೂ ಅವನೇ. ಆತ ಚೆನ್ನಾಗಿ ಆಡುತ್ತಿದ್ದ ಒಬ್ಬನನ್ನು ಮಾರಿ, ಎಂಟು ತಿಂಗಳು ಚೆಂಡು ಮುಟ್ಟದ ಎರಿಕ್ಸನ್ನನನ್ನು ಕೊಂಡು ಹನ್ನೊಂದರಲ್ಲಿ ನಿಲ್ಲಿಸಿದ. ಏಕೆಂದು ಕೇಳಿದ್ದಕ್ಕೆ, “ಅವನು ಮೈದಾನಕ್ಕೆ ಇಳಿದರೆ ಸಾಕು” ಎಂದಷ್ಟೇ ಬರೆದ.

ಫೆಬ್ರವರಿ 26ರಂದು ನ್ಯೂಕಾಸಲ್ ಎದುರು, ಎರಡನೆಯ ಅರ್ಧದಲ್ಲಿ, ಎರಿಕ್ಸನ್ ಮೈದಾನಕ್ಕೆ ಇಳಿದ. ಎರಡು ಕಡೆಯ ಜನವೂ ಎದ್ದು ನಿಂತು ಚಪ್ಪಾಳೆ ತಟ್ಟಿತು. ಬ್ರೆಂಟ್‌ಫರ್ಡ್ 2-0ಯಿಂದ ಸೋತಿತು. ಅರವತ್ತು ನಿಮಿಷಕ್ಕೆ ಕಡಿಮೆ ಆಡಿದವನಿಗೆ ನಿಯಮದ ಪ್ರಕಾರ ಸಿಗುವುದು ಒಂದೇ ಅಂಕ. ನಮ್ಮ ಲೆಕ್ಕಪರಿಶೋಧಕ ಆ ವಾರ ಏಳನೆಯ ಸ್ಥಾನಕ್ಕೆ ಇಳಿದ. ಅವನನ್ನು ಗೇಲಿ ಮಾಡಲು ನಮಗೆ ಯಾವಾಗಲೂ ನೆಪ ಬೇಕು. ಆ ಒಂದು ಅಂಕವನ್ನು ಮಾತ್ರ ಯಾರೂ ಎತ್ತಿ ಆಡಲಿಲ್ಲ.