ಶರದೃತುವಿಗೆ ಮನೆಯ ಸಿದ್ಧತೆ

ಭಾದ್ರಪದದ ಮಳೆ ಹಿಂದೆ ಸರಿದು ಆಶ್ವಯುಜವು ಸಮೀಪಿಸಿತೆಂದರೆ ನಮ್ಮ ಅಕ್ಕಲಕೋಟೆ ಸೀಮೆಯಲ್ಲಿ ಮನೆಯ ಸಾಮಾನೆಲ್ಲ ಅಂಗಳಕ್ಕೆ ಬರುತ್ತದೆ. ಶುದ್ಧ ಪ್ರತಿಪದೆಯಂದು ಘಟ ಕೂಡಿಸಬೇಕು. ಅದರೊಳಗಾಗಿ ಕೌದಿಗಳನ್ನು ಒಗೆದು, ಮಾಳಿಗೆಯ ಮೇಲಣ ಹುಲ್ಲನ್ನು ಕಿತ್ತು, ಜಂತಿಯ ಜೇಡರಬಲೆಯನ್ನು ತೆಗೆದು, ಗೋಡೆಗೆ ಸುಣ್ಣ ಬಳಿದು, ನೆಲ ಸಾರಿಸುತ್ತೇವೆ. ಮಳೆಗಾಲದ ತೇವವನ್ನು ಹೀರಿದ ಮಣ್ಣಿನ ಗೋಡೆಗೆ ಶರತ್ಕಾಲದ ಬಿಸಿಲೇ ವೈದ್ಯ.

ಈ ಸಂಭ್ರಮದಲ್ಲಿ ಒಂದು ನಷ್ಟ ಕಣ್ಣಿಗೆ ಬೀಳದೆ ಹೋಗುತ್ತದೆ. ಹಳೆಯ ಪಾತ್ರೆಯನ್ನು ಬೆಳಗಿ ಮತ್ತೆ ಗೂಡಿನಲ್ಲಿಡುತ್ತೇವೆ. ಹಳೆಯ ಕನ್ನಡ ಪುಸ್ತಕವಾದರೋ ರದ್ದಿಯವನ ತಕ್ಕಡಿಗೇರುತ್ತದೆ. ನಮ್ಮ ತಾಲೂಕು 1960ರಿಂದ ಮಹಾರಾಷ್ಟ್ರ ರಾಜ್ಯದಲ್ಲಿದೆ. ಕನ್ನಡ ಪಠ್ಯಪುಸ್ತಕಗಳು ಆ ರಾಜ್ಯದ ಬಾಲಭಾರತಿಯಿಂದ ಬರುತ್ತವೆ. ಆದರೆ ಪಠ್ಯದಾಚೆಯ ಕನ್ನಡ ಕಥೆ, ಪದ್ಯ, ನಿಘಂಟುಗಳು ನಮ್ಮೂರ ಪೇಟೆಯಲ್ಲಿ ಸುಲಭವಾಗಿ ದೊರೆಯವು. ಅಣ್ಣನು ಓದಿ ಮುಗಿಸಿದ ಕಥೆ ತಂಗಿಗೆ ಹೊಸದೇ ಅಲ್ಲವೆ?

ಆದುದರಿಂದ, ಬಾಲಕ ಬಾಲಿಕೆಯರೇ, ಕೌದಿಗಳ ಪಕ್ಕದಲ್ಲಿ ಪುಸ್ತಕಗಳಿಗೂ ಒಂದು ಚಾಪೆ ಹಾಸಿರಿ. ಹಾಳೆಗಳನ್ನು ಬಿಡಿಸಿ ಎಳೆಬಿಸಿಲಿನಲ್ಲಿ ತುಸು ಹೊತ್ತು ಇರಿಸಿ, ಬಳಿಕ ನೆರಳಿನ ಗಾಳಿಗೆ ಒಡ್ಡಿರಿ. ಕಡುಬಿಸಿಲಿಗೆ ಕಾಗದ ಹಳದಿಯಾಗಿ ಮುರಿಯುತ್ತದೆ. ಪುಸ್ತಕ ತಿನ್ನುವ ಬೆಳ್ಳಿಬಣ್ಣದ ಹುಳು ತೇವವಿದ್ದಲ್ಲಿ ಹೆಚ್ಚುತ್ತದೆ. ನಡುವೆ ಬೇವಿನೆಲೆ ಇಡುವುದಾದರೆ ಚೆನ್ನಾಗಿ ಒಣಗಿದುದನ್ನೇ ಇಡಿರಿ.

ಖಂಡೇನವಮಿಯಂದು ಪೂಜೆಗೊಂಡ ಪುಸ್ತಕ ವಿಜಯದಶಮಿಯಂದು ಬನ್ನಿಯೊಡನೆ ಕಿರಿಯರ ಕೈ ಸೇರಲಿ. ಪೂಜೆ ಒಂದು ದಿನದ್ದು, ಓದು ವರ್ಷದ್ದು. ಹೊಸ ಸುಣ್ಣದ ಗೋಡೆಗಳ ನಡುವೆ ನಮ್ಮ ನುಡಿಗೂ ಒಂದು ಗೂಡು ಉಳಿಯಲಿ.