ಹೂಲಿಯ ಮಾಳಿಗೆಗಳು

ಹೂಲಿ, ಸವದತ್ತಿ ತಾಲ್ಲೂಕು

ಪ್ರೀತಿಯ ತಂಗಿ,

ಗ್ರೀಸಿನ ನ್ಯಾಕ್ಸೋಸ್ ದ್ವೀಪದ ಅಪೀರಾಂಥೋಸ್ ಊರಿನಿಂದ ನೀನು ಬರೆದದ್ದನ್ನು ಅವ್ವನಿಗೆ ಓದಿ ಹೇಳಿದೆ. ಓಣಿಗೆಲ್ಲ ಅಮೃತಶಿಲೆ ಹಾಸಿದ್ದಾರೆ ಎಂದಾಗ ಅವಳಿಗೆ ನಂಬಿಕೆಯೇ ಬರಲಿಲ್ಲ. ನನಗೆ ಮನಸ್ಸಿನಲ್ಲಿ ನಿಂತದ್ದು ಮಾತ್ರ ಅಲ್ಲಿಯ ಚಪ್ಪಟೆ ಸೂರು: ಮರದ ತೊಲೆ, ಮೇಲೆ ಜೊಂಡು, ಅದರ ಮೇಲೆ ಜಿಗುಟು ಮಣ್ಣು. ಅಂಥದ್ದೇ ಸೂರಿನ, ನಮ್ಮ ಕಡೆಯ ಮಾಳಿಗೆಯ, ಕೆಳಗೆ ಕೂತು ಈ ಪತ್ರ ಬರೆಯುತ್ತಿದ್ದೇನೆ.

ಸವದತ್ತಿಯಿಂದ ಹೂಲಿ ಸುಮಾರು 9 ಕಿಲೋಮೀಟರ್. ಬಸ್ಸಿನ ತುಂಬ ಭಂಡಾರದ ಅರಿಶಿನದ ವಾಸನೆ. ಎಲ್ಲರೂ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದವರು. ಭಾರತ ಹುಣ್ಣಿಮೆಗೆ ಲಕ್ಷಗಟ್ಟಲೆ ಜನ ಕೂಡುವ ಸೀಮೆ ಇದು, ಆದರೆ ಹೂಲಿಯ ಕಡೆ ಹೊರಳುವವರು ಕಡಿಮೆ. ಎರಿ ಹೊಲ ದಾಟಿದ ಮೇಲೆ ಕಲ್ಲುಗುಡ್ಡ ಎದ್ದು ನಿಲ್ಲುತ್ತದೆ, ಮೇಲೆ ಹಳೆಯ ಕೋಟೆ. ಈ ಸೀಮೆಯ ಗಟ್ಟಿ ಬೆಣಚುಗಲ್ಲಿಗೆ ಭೂವಿಜ್ಞಾನಿಗಳು ಸವದತ್ತಿಯ ಹೆಸರನ್ನೇ ಇಟ್ಟಿದ್ದಾರೆ.

ಶಾಸನಗಳಲ್ಲಿ ಇದು ಪೂಲಿ, ಸಾವಿರ ಮಹಾಜನರ ಅಗ್ರಹಾರ. ಪಂಚಲಿಂಗೇಶ್ವರ, ಅಂಧಕೇಶ್ವರ, ಮದನೇಶ್ವರ, ತಾರಕೇಶ್ವರ, ಎಷ್ಟು ಗುಡಿಗಳೇ ತಂಗಿ! ಚಾಲುಕ್ಯರ ಕಾಲದವು, ಹಲವು ಕುಸಿದಿವೆ. ಬರೀ ಶೈವರ ಊರೂ ಅಲ್ಲ. 1044ರಲ್ಲಿ ಲಚ್ಚಿಯಬ್ಬೆ ಎಂಬ ಹೆಣ್ಣುಮಗಳು ಇಲ್ಲಿ ಬಸದಿ ಕಟ್ಟಿಸಿ, ಯಾಪನೀಯ ಸಂಘದ ಬಾಲಚಂದ್ರ ಭಟ್ಟಾರಕರಿಗೆ ದತ್ತಿ ಬಿಟ್ಟಳು. ಯಾಪನೀಯರು ಹೆಣ್ಣಿಗೂ ಮುಕ್ತಿಯುಂಟು ಎಂದು ಒಪ್ಪಿದ ಜೈನರು. ಅವಳ ಹೆಸರು ಕಲ್ಲಿನಲ್ಲಿ ಉಳಿದದ್ದು ನನಗೆ ದೊಡ್ಡ ಸಂತೋಷ.

ಗುಡಿಯ ಕಂಬ ನೋಡುತ್ತ ನಿಂತಾಗ ಒಬ್ಬ ಅಜ್ಜಿ "ಬಿಸಲಾಗ ಯಾಕ ನಿಂತೀಯವಾ, ಒಳಗ ಬಾ" ಎಂದು ಕರೆದಳು. ಒಳಗೆ ಕಾಲಿಟ್ಟರೆ ಮೈಗೆ ತಂಪು ಹತ್ತಿತು. ಗೋಡೆ ಮೊಳಕ್ಕಿಂತ ದಪ್ಪ. ತಲೆ ಎತ್ತಿದೆ: ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಒತ್ತೊತ್ತಾಗಿ ಹರವಿದ ಕಟ್ಟಿಗೆ, ಅದರ ಸಂದಿಯಲ್ಲಿ ಒಣಗಿದ ಬೇವಿನ ತಪ್ಪಲು. ಬೇವು ಇದ್ದರೆ ಹುಳ ಹತ್ತುವುದಿಲ್ಲವಂತೆ. ಅದರ ಮೇಲೆ ಮಣ್ಣು. ನಡುವಿನ ಬೆಳಕಿಂಡಿಯಿಂದ ಬಿಸಿಲಕೋಲು ನೇರ ಒಲೆಯ ಮುಂದೆ ಬಿದ್ದಿತ್ತು. ಅಜ್ಜಿ ಅದೇ ಬೆಳಕಿನಲ್ಲಿ ರೊಟ್ಟಿ ಬಡಿದು, ಕೆಂಪು ಖಾರ, ಗಟ್ಟಿ ಮೊಸರು ಹಚ್ಚಿ ಕೊಟ್ಟಳು. ಮಳೆ ಕಡಿಮೆಯಾದ ನಾಡಿಗೆ ಈ ಸೂರು ಸಾಕು. ನೀರು ಹರನಾಳಿಗೆಯಿಂದ ಇಳಿದು ಹೋಗುತ್ತದೆ, ಬೇಸಿಗೆಯಲ್ಲಿ ಮೇಲೆ ಶಾವಿಗೆ ಒಣಗಿಸಬಹುದು, ರಾತ್ರಿ ಹಾಸಿಗೆ ಹಾಸಬಹುದು. ನಿನ್ನ ಗ್ರೀಕರೂ ಇದೇ ಲೆಕ್ಕ ಹಾಕಿರಬೇಕು.

ಪಕ್ಕದ ಮನೆಗೆ ಆಗಲೇ ಸ್ಲ್ಯಾಬ್ ಬಿದ್ದಿದೆ. ತಪ್ಪೆನ್ನಲಾರೆ. ಮಳೆಗಾಲಕ್ಕೆ ಮುಂಚೆ ಸವುಳು ಮಣ್ಣು ಹೊತ್ತು ತಂದು, ಹರವಿ, ಬಡಿದು ಕೂಡಿಸುವ ಕೆಲಸಕ್ಕೆ ಆಳು ಸಿಗುವುದಿಲ್ಲ. "ಸೋರಿದರ ರಾತ್ರಿಯೆಲ್ಲಾ ಪಾತ್ರಿ ಹಿಡಕೊಂಡು ಕುಂದರಬೇಕು" ಎಂದಳು ಅಜ್ಜಿ. ಆದರೂ ಒಂದು ಮಾತು ನನ್ನನ್ನು ಬಿಡುತ್ತಿಲ್ಲ. ಹೂಲಿಯ ಶಾಸನಗಳು ಎಪಿಗ್ರಾಫಿಯಾ ಇಂಡಿಕಾದಲ್ಲಿ ಅಚ್ಚಾಗಿ ಸುಮಾರು ನೂರು ವರ್ಷವಾಯಿತು. ಲಚ್ಚಿಯಬ್ಬೆಯ ಕಲ್ಲಿಗೆ ಓದುಗರಿದ್ದಾರೆ, ಈ ಅಜ್ಜಿಯ ಸೂರಿಗೆ ಯಾರೂ ಇಲ್ಲ. ಪರಂಪರೆ ಎಂದರೆ ನಮಗೆ ಗುಡಿಯ ಪೌಳಿಯ ಒಳಗಷ್ಟೇ. ಗುಡಿಯನ್ನು ಒಂಬೈನೂರು ವರ್ಷ ನೋಡಿಕೊಂಡವರು ಇದ್ದದ್ದು ಇಂಥ ಮನೆಗಳಲ್ಲಿ. ಅವುಗಳನ್ನೂ ಅಳೆದು, ಬರೆದು, ರಿಪೇರಿಗೆ ಕೈಲಾದಷ್ಟು ನೆರವು ಕೊಟ್ಟರೆ ಇಲ್ಲಿಯವರೇ ಉಳಿಸಿಕೊಳ್ಳುತ್ತಾರೆ.

ನೀನು ಬಂದಾಗ ಇಬ್ಬರೂ ಇಲ್ಲಿಗೆ ಬರೋಣ, ಅಳತೆಯ ಟೇಪು ನಾನು ತರುತ್ತೇನೆ. ಅಷ್ಟರೊಳಗೆ ಅಲ್ಲಿಯ ಯಾವುದಾದರೂ ಮನೆಯವರನ್ನು ಕೇಳಿ ಬರಿ: ಮಣ್ಣಿನ ಸೂರು ಈಗಲೂ ಯಾರು ಕಟ್ಟುತ್ತಾರೆ, ಖರ್ಚು ಯಾರದು, ಸೋರಿದರೆ ಏನು ಮಾಡುತ್ತಾರೆ? ಅಜ್ಜಿಗೆ ಹೇಳುತ್ತೇನೆಂದು ಮಾತು ಕೊಟ್ಟಿದ್ದೇನೆ.

ನಿನ್ನ ಅಕ್ಕ